ಪಂಜಾಬಿಗೆ ಹೊರಟವರ ಅಡುಗೆಮನೆ

ಕ್ಯಾಂಪಿನ ಅಡುಗೆಮನೆಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಎರಡು ವಿಷಯ ಕೇಳುತ್ತಾರೆ. ಸಂಬಳ ಸರಿಯಾಗಿ ಬರುತ್ತದಾ, ಗಂಡಸರು ಸರಿಯಾಗಿ ಇರುತ್ತಾರಾ. ಸಂಬಳ ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಗಂಡಸರಲ್ಲಿ ಒಬ್ಬಿಬ್ಬರು ಸರಿಯಿರುವುದಿಲ್ಲ. ಕೈಯಲ್ಲಿ ಬಿಸಿ ಸೌಟು ಇರುವವಳ ಹತ್ತಿರ ಅವರು ಸುಳಿಯುವುದಿಲ್ಲ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅದನ್ನು ನಾನೇ ಹೇಳುತ್ತೇನೆ. ನೀವು ಊಟ ಹಾಕಿದ ಹುಡುಗ ಸತ್ತ ಸುದ್ದಿ ಬರುತ್ತದೆ. ಆ ಸುದ್ದಿ ಬಂದ ದಿನವೂ ಮಧ್ಯಾಹ್ನದ ಊಟ ಮಧ್ಯಾಹ್ನಕ್ಕೇ ಆಗಬೇಕು. ಅದು ಆಗದವಳು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಲಿ. ಅಲ್ಲಿ ಯಾವಾಗಲೂ ಕೆಲಸ ಇರುತ್ತದೆ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲಿ. ಮನೆಯ ಮಾತು ಕನ್ನಡ, ಅಕ್ಷರ ಮಾತ್ರ ಬರುವುದಿಲ್ಲ. ನಾನು ಹೇಳಿದ್ದನ್ನು ಮೈಸೂರು ಕಡೆಯಿಂದ ನಮ್ಮ ಮನೆಗೆ ಬಂದ ಮೊಮ್ಮಗನ ಹೆಂಡತಿ ಬರೆಯುತ್ತಿದ್ದಾಳೆ.

ಕೋಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ, ಕಿಣತ್ತುಕಡವಿಗೆ ಮುಂಚೆ ಒಳಗೆ ತಿರುಗಿದರೆ ಕಲ್ಲುಗುಡ್ಡದ ಹಿಂದೆ ಕ್ಯಾಂಪು. ಸುತ್ತಲಿನ ಊರಿನವರು ಅದನ್ನು ಮಿಲಿಟರಿ ಎನ್ನುತ್ತಿದ್ದರು. ಮಿಲಿಟರಿ ಅಲ್ಲ, ದಿಲ್ಲಿಯ ಕೈಕೆಳಗಿನ ಬಂದೂಕಿನ ಪೊಲೀಸು. ಎಲ್ಲಿ ಗಲಾಟೆಯೋ ಅಲ್ಲಿಗೆ ಕಳಿಸುವ ಪಡೆ. ಆ ಎಂಬತ್ತರ ವರ್ಷಗಳಲ್ಲಿ ಗಲಾಟೆ ಎಂದರೆ ಪಂಜಾಬು. ಹಳ್ಳಿಯ ಹುಡುಗರು ಬರುತ್ತಿದ್ದರು, ಓಡುತ್ತಿದ್ದರು, ತೆವಳುತ್ತಿದ್ದರು, ಗುಂಡು ಹೊಡೆಯಲು ಕಲಿಯುತ್ತಿದ್ದರು, ಒಂದು ಬೆಳಿಗ್ಗೆ ಲಾರಿ ಹತ್ತಿ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದರು. ಅವರ ಹಾಸಿಗೆ ಒಗೆದು ಒಣಗುವುದರೊಳಗೆ ಹೊಸ ತಂಡ ಬರುತ್ತಿತ್ತು. ಒಲೆಯ ಮುಂದೆ ನಿಲ್ಲುವ ಅಡುಗೆಯವರು ಗಂಡಸರು, ಅವರದು ಸರ್ಕಾರಿ ಕೆಲಸ. ಹೆಚ್ಚುವುದು, ಅರೆಯುವುದು, ಹಿಟ್ಟು ಕಲೆಸುವುದು, ಬಡಿಸುವುದು ನಮ್ಮಂಥ ಹೆಂಗಸರ ಪಾಲು. ನಾನು ಯಾವಾಗ ಖಾಯಂ ಆದೆ, ಆಮೇಲೆ ಏನಾದೆ ಎನ್ನುವುದು ಪೆನ್ಷನ್ ಆಫೀಸಿಗೆ ಬೇಕಾದ ವಿಷಯ. ನಿಮಗೆ ಬೇಡ.

ಮೆಸ್ಸಿನ ಯಜಮಾನ ಹವಾಲ್ದಾರ್ ರಾಮ್‌ಫಲ್, ಹರಿಯಾಣದವನು. ತಮಿಳು ಕಲಿತಿದ್ದ, ಆದರೆ ಅವನ ಬಾಯಲ್ಲಿ ಅದು ಕಲ್ಲು ಅಗಿದಂತೆ ಕೇಳುತ್ತಿತ್ತು. ಮೊದಲ ದಿನ ನನಗೆ ಗೋಧಿ ಹಿಟ್ಟಿನ ಮೂಟೆ ತೋರಿಸಿ ಕಲೆಸು ಎಂದ. ನಮ್ಮ ಮನೆಯಲ್ಲಿ ಗೋಧಿ ಕಂಡವರು ಯಾರು? ಅಕ್ಕಿ ಹಿಟ್ಟಿಗೆ ಮಾಡುವ ಹಾಗೆ ಕುದಿಯುವ ನೀರು ಸುರಿದು ದೊಡ್ಡ ಸೌಟಿನಲ್ಲಿ ತಿರುವಿದೆ. ಇಡೀ ಕೊಪ್ಪರಿಗೆ ಗೋಂದಾಯಿತು. ರಾಮ್‌ಫಲ್ ಬೆರಳು ಅದ್ದಿ ಎಳೆದು ನೋಡಿದ.

"ಅಮ್ಮಾ, ಸಿನಿಮಾ ಪೋಸ್ಟರ್ ಅಂಟಿಸೋಕೆ ಹೊರಟಿದ್ದೀಯಾ?"

"ನೀವು ನೀರು ತಣ್ಣಗಿರಬೇಕು ಅಂತ ಹೇಳಲಿಲ್ಲ."

"ನೀರು ಒದ್ದೆಯಿರಬೇಕು ಅಂತಲೂ ನಾನು ಹೇಳಲಿಲ್ಲ."

ಕೆಲಸದಿಂದ ತೆಗೆಯಲಿಲ್ಲ. ಅವನೇ ಕೂತು ಕಲೆಸಿ ತೋರಿಸಿದ. ಅನ್ನ ತಿಂದು ಬೆಳೆದ ಹುಡುಗರಿಗೆ ಎರಡು ಹೊತ್ತು ರೊಟ್ಟಿ ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಇವರಿಗೆ ಸಿಗೋದು ಅದೇ. ಇಲ್ಲೇ ಅಳೋದು ಮುಗಿಸಿಕೊಂಡು ಹೋಗಲಿ" ಎಂದ. ಮೊದಲ ವಾರ ಹುಡುಗರು ರೊಟ್ಟಿಯನ್ನು ತಟ್ಟೆಯ ಅಂಚಿಗೆ ತಳ್ಳಿ ಬೇಳೆ ಮಾತ್ರ ಕುಡಿಯುತ್ತಿದ್ದರು. ಓಟ ಜಾಸ್ತಿಯಾದ ಮೇಲೆ ತಳ್ಳುವವರು ಯಾರೂ ಇರುತ್ತಿರಲಿಲ್ಲ.

ತಪ್ಪು ಮಾಡಿದ ಹುಡುಗರನ್ನು ತರಬೇತಿ ಕೊಡುವ ಉಸ್ತಾದರು ಅಡುಗೆಮನೆಗೆ ಕಳಿಸುತ್ತಿದ್ದರು, ಈರುಳ್ಳಿ ಸುಲಿಯುವುದೇ ಶಿಕ್ಷೆ. ಅಲ್ಲಿ ನಾನು ಕೇಳುತ್ತಿದ್ದೆ, ಯಾಕಪ್ಪಾ ಬಂದೆ ಇಲ್ಲಿಗೆ? ಪೇಪರಿನಲ್ಲಿ ದಿನಾ ನೋಡ್ತೀರಿ, ಉಗ್ರಗಾಮಿಗಳು ಬಸ್ಸು ನಿಲ್ಲಿಸಿ ಜನರನ್ನ ಇಳಿಸಿ ಗುಂಡು ಹೊಡೀತಾರೆ, ಪೊಲೀಸರ ಮನೆಗೇ ನುಗ್ತಾರೆ, ಆದರೂ ಯಾಕೆ ಬಂದೆ? ತೆಂಗಿನ ಮರ ಹತ್ತುವ ಮನೆಯವನು ಹೇಳಿದ, ಅಪ್ಪ ಮರದಿಂದ ಬಿದ್ದು ಸತ್ತ, ನನಗೆ ಮರ ಕಂಡರೆ ಭಯ. ಬಂದೂಕು ಕಂಡರೆ ಭಯ ಇಲ್ಲವೇನೋ ಎಂದರೆ, ಅದನ್ನಿನ್ನೂ ನೋಡಿಲ್ಲವಲ್ಲ ಎಂದ. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಕೆಲಸದಿಂದ ಬಂದವನೊಬ್ಬನ ಉಗುರು ನೀಲಿ, ತಿಂಗಳಾದರೂ ಹೋಗಲಿಲ್ಲ. ಅವನಿಗೆ ಉಸಿರಾಡಲು ಜಾಗ ಬೇಕಿತ್ತು. ಒಬ್ಬನಿಗೆ ಹುಡುಗಿಯ ಅಪ್ಪ ಸರ್ಕಾರಿ ಕೆಲಸ ಇದ್ದರೆ ಮಾತ್ರ ಬಾ ಎಂದಿದ್ದ. ದೇಶಕ್ಕೋಸ್ಕರ ಎಂದವನು ಒಬ್ಬ ಇದ್ದ, ಕನ್ನಡಕದ ಮೇಷ್ಟ್ರ ಮಗ. ಉಳಿದವರು ಅವನನ್ನು ಗೇಲಿ ಮಾಡಿದರು. ಅವನು ತಲೆ ಎತ್ತದೆ ಈರುಳ್ಳಿ ಸುಲಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಉಳಿದವರೂ ಹೇಳುತ್ತಿರಲಿಲ್ಲ.

ಆಮೇಲೆ ಸೌದೆ ಒಲೆ ಹೋಗಿ ಡೀಸೆಲ್ ಬರ್ನರ್ ಬಂತು. ಹೊಗೆ ಹೋಯಿತು, ಕಣ್ಣಿಗೆ ಒಳ್ಳೆಯದಾಯಿತು. ಆದರೆ ಅದು ಲಾರಿ ಗುಡ್ಡ ಹತ್ತಿದ ಹಾಗೆ ಬೊಬ್ಬೆ ಹೊಡೆಯುತ್ತದೆ. ಸೌದೆ ಒಲೆಯ ಕಾಲದಲ್ಲಿ ಹುಡುಗರ ಮಾತು ಕೇಳುತ್ತಿತ್ತು. ಬರ್ನರ್ ಬಂದ ಮೇಲೆ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಈಗ ನನ್ನ ತಂಗಿ ಚೌಡಮ್ಮನ ವಿಷಯ. ಅವಳು ಸಿರುಮುಗೈಯಲ್ಲಿ ಇದ್ದಳು, ರೇಷ್ಮೆ ಸೀರೆ ನೇಯುವ ಮನೆ. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ರಾಮಲಿಂಗ, ಅಪ್ಪನ ಮಗ್ಗದಲ್ಲಿ ಕೂತಿದ್ದ. ದಸರಾಕ್ಕೆ ಮುಂಚೆ ಒಂದು ದಿನ ಚೌಡಮ್ಮ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದಳು. ಕೂರುವುದಕ್ಕೆ ಮೊದಲೇ ಶುರುಮಾಡಿದಳು.

"ಅಕ್ಕಾ, ರಾಮಲಿಂಗ ನಿಮ್ ಕ್ಯಾಂಪಿಗೆ ಬಂದು ಓಡಿ ಪಾಸಾಗವನೆ. ಇನ್ನು ಡಾಕ್ಟರ್ ನೋಡೋದೊಂದೇ ಬಾಕಿ. ನೀನು ದಿನಾ ಆ ಡಾಕ್ಟರಿಗೆ ಸೋರು-ಸಾರು ಆಕ್ತೀಯಲ್ಲ, ಒಂದು ಮಾತು ಹೇಳಿಬಿಡು. ಏನೋ ಒಂದು ಕಾಯಿಲೆ ಅಂತ ಬರ್ಕಂಡು ಮನೆಗೆ ಕಳ್ಸಿಬಿಡ್ಲಿ."

"ಏನ್ ಕಾಯಿಲೆ ಅಂತ ಹೇಳ್ಲಿ?"

"ಏನಾದ್ರೂ. ಮೂಲವ್ಯಾಧಿ ಅನ್ನು."

"ಅದನ್ನ ಬಟ್ಟೆ ಬಿಚ್ಚಿಸಿ ನೋಡ್ತಾರೆ ಡೀ."

"ಹಂಗಾದ್ರೆ ಮಂಡೆ ಸರಿಯಿಲ್ಲ ಅನ್ನು. ಸರಿಯಿದ್ದಿದ್ರೆ ಮನೇಲಿ ಮಗ್ಗ ಇಟ್ಕಂಡು ಸಾಯಕ್ಕೆ ಯಾಕೆ ಓಗ್ತಿದ್ದ?"

ನಾನು ನಕ್ಕೆ. ಅವಳು ನಗಲಿಲ್ಲ. ಅವಳಿಗೆ ಇದ್ದದ್ದು ಅವನೊಬ್ಬ. ಅವನು ಹೋಗುತ್ತಾನಾ ಉಳಿಯುತ್ತಾನಾ ಎನ್ನುವುದು ಬಿಟ್ಟು ಆ ವರ್ಷಗಳಲ್ಲಿ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ನೋಡ್ತೀನಿ ಎಂದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ದಸರಾ ಮುಗಿದ ವಾರವೇ ಮೆಡಿಕಲ್. ನಾನು ತರಕಾರಿ ತೊಳೆಯುತ್ತಿದ್ದಾಗ ರಾಮಲಿಂಗ ಅಡುಗೆಮನೆಯ ಹಿಂಬಾಗಿಲಿಗೆ ಬಂದ. ಅಂಗಿ ಎದೆಗೆ ಅಂಟಿಕೊಂಡಿತ್ತು, ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಕಂದು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಿಮಗೆ ಅರ್ಥವಾಗಬೇಕಾದರೆ ನಮ್ಮ ಜನದ ಪದ್ಧತಿ ಹೇಳಬೇಕು. ನಾವು ಚೌಡೇಶ್ವರಿಯ ಒಕ್ಕಲು. ವಿಜಯದಶಮಿಯ ದಿನ ಅಮ್ಮನನ್ನು ಊರೊಳಗೆ ಕರೆತರುವಾಗ ನಮ್ಮ ಗಂಡಸರು ಕತ್ತಿ ಹಾಕುತ್ತಾರೆ. ಅಂಗಿ ಬಿಚ್ಚಿ, ಕೈಯಲ್ಲಿ ಕತ್ತಿ ಹಿಡಿದು, ಕುಣಿಯುತ್ತಾ ತಮ್ಮದೇ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾರೆ. ತೆಗೆದುಕೋ ತಾಯಿ ಎಂದು ತೆಲುಗಿನಲ್ಲಿ ಕೂಗುತ್ತಾರೆ. ಕುಯ್ದ ಕಡೆ ಅರಿಸಿನದ ಪುಡಿ ಅದುಮುತ್ತಾರೆ. ಅಷ್ಟೇ ಮದ್ದು.

"ಏನ್ಡಾ ಇದು? ಮೆಡಿಕಲ್ಲಿಗೆ ಬರೋನು ಮೈ ಕುಯ್ಕಂಡು ಬರ್ತಾನೇನ್ಡಾ, ಮುಟ್ಟಾಳ?"

"ಹರಕೆ ದೊಡ್ಡಮ್ಮ. ಪಾಸಾಗ್ಲಿ ಅಂತ ಈ ಸಲ ಜಾಸ್ತಿ ಆಕ್ಕಂಡೆ."

"ಪಾಸಾಯ್ತಾ?"

"ರೌಡಿ ಅಂದ್ರು. ಯಾರ್ ಜೊತೆ ಕತ್ತಿ ಜಗಳ ಆಡ್ದೆ, ಎಷ್ಟು ಕೇಸ್ ಇದೆ ಅಂದ್ರು. ಇಲ್ಲ ಸಾರ್, ನಾನೇ ಹೊಡ್ಕಂಡಿದ್ದು ಅಂದೆ. ಹಂಗಾದ್ರೆ ಹುಚ್ಚ ಅಂದ್ರು. ಊರ್ ಠಾಣೆಗೆ ಬರೀತಾರಂತೆ. ನೀನು ಬಂದು ಹೇಳು ದೊಡ್ಡಮ್ಮ."

ನಾನು ಸುಮ್ಮನೆ ತರಕಾರಿ ತೊಳೆದಿದ್ದರೆ ತಂಗಿ ಕೇಳಿದ್ದು ತಾನಾಗಿಯೇ ಆಗುತ್ತಿತ್ತು. ಆದರೆ ಅವಳು ಮಗನನ್ನು ಮನೆಗೆ ಕಳಿಸು ಎಂದಿದ್ದಳು. ರೌಡಿ ಎಂದು ಠಾಣೆಯಲ್ಲಿ ಬರೆಸಿ ಕಳಿಸು ಎಂದಿರಲಿಲ್ಲ. ಒಂದು ಸಲ ಬರೆದರೆ ಊರಲ್ಲಿ ಯಾವ ಬೀಗ ಒಡೆದರೂ ಮೊದಲು ಇವನನ್ನೇ ಎಳೆಯುತ್ತಾರೆ. ಹೆಣ್ಣು ಯಾರು ಕೊಡುತ್ತಾರೆ? ಕೈ ಒರೆಸಿಕೊಂಡು ಎದ್ದೆ.

ಡಾಕ್ಟರು ಮದ್ರಾಸಿನ ಕಡೆಯ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ನಾನು ಹೇಳಿದ್ದನ್ನು ಕೇಳಿ, "ಏನಮ್ಮಾ, ನಿಮ್ಮ ಸಂಬಂಧಿ ಅಂತ ಕಥೆ ಕಟ್ಟುತ್ತಿದ್ದೀರಿ" ಎಂದರು. ನಮ್ಮ ಮನೆಯವರು ನೂಲಿನ ಮಿಲ್ಲಿನಲ್ಲಿ ಇದ್ದರು, ಅವತ್ತು ರಜ. ಹೇಳಿ ಕಳಿಸಿ ಕರೆಸಿದೆ. ಬಂದರು. ಅವರು ಕರೆದ ಕಡೆ ಬಂದು, ಹೇಳಿದ ಕಡೆ ನಿಲ್ಲುವ ಮನುಷ್ಯ. ಡಾಕ್ಟರ ಮುಂದೆ ಅಂಗಿ ಬಿಚ್ಚಿ ಎಂದೆ. ಯಾಕೆ ಎಂದೂ ಕೇಳದೆ ಬಿಚ್ಚಿದರು. ಮೂಳೆ ಎದೆಯ ಮೇಲೆ, ತೋಳಿನ ಮೇಲೆ, ಹಳೆಯ ಗಾಯದ ಬಿಳಿ ಗೆರೆಗಳು.

ಡಾಕ್ಟರು ಬೆರಳಿಟ್ಟು ನೋಡಿದರು. "ಯಾಕೆ ಹೀಗೆ ಮಾಡಿಕೊಳ್ಳುತ್ತೀರಿ?"

"ಅಮ್ಮ ಬರ್ಬೇಕಲ್ಲ ಸಾಮಿ," ಎಂದರು ನಮ್ಮವರು. "ಚುಮ್ಮಾ ಕರೆದ್ರೆ ಬರ್ತಾಳಾ?"

ಡಾಕ್ಟರು ನಕ್ಕುಬಿಟ್ಟರು. ಠಾಣೆಗೆ ಬರೆಯಲಿಲ್ಲ. ಗಾಯ ಪೂರಾ ಮಾಗಿದ ಮೇಲೆ ಬಾ ಎಂದು ರಾಮಲಿಂಗನನ್ನು ಕಳಿಸಿದರು. ಮುಂದಿನ ತಂಡದಲ್ಲಿ ಅವನು ಪಾಸಾದ. ಚೌಡಮ್ಮ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ. ಇವತ್ತು ಅದೇ ಹುಡುಗ ಅದೇ ಬಾಗಿಲಿಗೆ ಬಂದರೂ ನಾನು ಅದೇ ಮಾತು ಹೇಳುತ್ತೇನೆ, ಯಾಕೆಂದರೆ ಅದು ನಿಜ.

ಅವನಿಗೆ ಯಾಕೆ ಇದು ಬೇಕಿತ್ತು? ಕೇಳಿದಾಗಲೆಲ್ಲ ಬೇರೆ ಬೇರೆ ಹೇಳಿದ. ಒಂದು ಸಲ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ಎದುರಿಗೂ ಗೋಡೆ ಹಿಂದೆಯೂ ಗೋಡೆ ಎಂದ. ಇನ್ನೊಂದು ಸಲ, ನೂಲು ಕೊಡುವ ಯಜಮಾನನ ಬಾಗಿಲಲ್ಲಿ ನಿಂತು ಸಾಕಾಯಿತು ಎಂದ. ಮತ್ತೊಂದು ಸಲ, ರಜೆಗೆ ಬಂದ ಪಡೆಯ ಜವಾನನೊಬ್ಬ ಟೀ ಅಂಗಡಿಗೆ ಬಂದರೆ ಬೆಂಚಿನ ಮೇಲೆ ಕೂತವರು ಜರುಗಿ ಜಾಗ ಕೊಟ್ಟರಂತೆ, ಅದನ್ನು ನೋಡಿದೆ ಎಂದ. ಬೆಂಚಿಗೋಸ್ಕರ ಪಂಜಾಬಿಗೆ ಹೋಗ್ತೀಯಾ ಎಂದರೆ ನಗುತ್ತಿದ್ದ. ನನಗೆ ಅನಿಸುವುದು, ಆ ವಯಸ್ಸಿನಲ್ಲಿ ಹೊರಗೆ ಹೋಗಬೇಕು ಎನ್ನುವುದು ಮೊದಲು ಬರುತ್ತದೆ, ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ.

ತರಬೇತಿಯಲ್ಲಿ ಅವನಿಗೆ ನಾನು ಒಂದು ರೊಟ್ಟಿ ಹೆಚ್ಚು ಹಾಕಲಿಲ್ಲ. ರಾಮ್‌ಫಲ್ ಮೊದಲೇ ಹೇಳಿದ್ದ, "ಸಾಲಿನಲ್ಲಿ ನಿನಗೆ ಯಾರೂ ಮಗ ಅಲ್ಲ." ರಾಮಲಿಂಗನ ಹಿಂದೆ ಯಾವಾಗಲೂ ಒಬ್ಬ ಹುಡುಗ ನಿಂತಿರುತ್ತಿದ್ದ, ಆನೈಮಲೈ ಕಡೆಯ ಕುಮಾರ. ಎತ್ತರ, ಸೊಂಪಾದ ಹುಡುಗ. ಸಂಜೆಯ ಊಟಕ್ಕೆ ಬರುವಾಗ ರಾಮಲಿಂಗನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಬರುತ್ತಿದ್ದ. ನಾವು ಹೆಂಗಸರು ಕೀಟಲೆ ಮಾಡುತ್ತಿದ್ದೆವು, "ಏನಪ್ಪಾ, ಮದುವೆ ಯಾವಾಗ?" ಎಂದು. ರಾಮಲಿಂಗ, "ವರದಕ್ಷಿಣೆ ಒಪ್ತಾ ಇಲ್ಲ ಅತ್ತೇರೆ" ಎನ್ನುತ್ತಿದ್ದ. ಕುಮಾರ ನಾಚಿಕೊಂಡು ತಟ್ಟೆ ಮುಂದೆ ಚಾಚುತ್ತಿದ್ದ. ತಟ್ಟೆ ಒಂದು ಕಡೆ, ನನ್ನ ಸೌಟು ಒಂದು ಕಡೆ. ನಾಚಿಕೆ ಎಂದುಕೊಂಡೆ.

ಆ ತಂಡ ಇದ್ದಾಗಲೇ ಹಿಂದಿನ ತಂಡದಲ್ಲಿ ಸತ್ತವರ ಸುದ್ದಿ ಬಂತು. ನೀಲಿ ಉಗುರಿನ ಹುಡುಗ ಅವರಲ್ಲಿ ಒಬ್ಬ. ಗಾಡಿಯ ಕೆಳಗೆ ಬಾಂಬು ಇಟ್ಟಿದ್ದರಂತೆ. ಬೆಳಿಗ್ಗೆ ಮೈದಾನದಲ್ಲಿ ಸಾಹೇಬರು ಹೇಳಿದರು, ಟೋಪಿ ತೆಗೆದು ನಿಂತರು. ಮಧ್ಯಾಹ್ನ ಹುಡುಗರು ಸಾಲಿನಲ್ಲಿ ಬಂದರು, ತಟ್ಟೆ ತುಂಬಿಸಿಕೊಂಡರು, ಹಾಗೇ ಚೆಲ್ಲಿದರು. ಕೊಪ್ಪರಿಗೆಗಟ್ಟಲೆ ಬೇಳೆ ಹಂದಿ ಸಾಕುವವನ ಡಬ್ಬಕ್ಕೆ ಹೋಯಿತು. ರಾಮ್‌ಫಲ್ ಸಂಜೆಗೆ ಕೇಸರಿಬಾತ್ ಮಾಡಿ ಎಂದ. ಸಾವಿನ ದಿನ ಸಿಹಿ ಮಾಡುತ್ತಾರಾ ಎಂದು ನಮ್ಮಲ್ಲಿ ಒಬ್ಬಳು ಗೊಣಗಿದಳು. "ಹೆದರಿದವನಿಗೆ ಖಾರ ಇಳಿಯಲ್ಲ, ಸಿಹಿ ಇಳಿಯುತ್ತೆ. ನೀನು ತುಪ್ಪ ಸುರಿ" ಎಂದ. ಹುಡುಗರು ಬಂದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಿಂದರು. ಕೆಲವರು ಮತ್ತೆ ಬಂದು ತಟ್ಟೆ ಹಿಡಿದರು. ನನಗೆ ಅದು ಸರಿ ಎನಿಸಲಿಲ್ಲ. ಆದರೆ ಬಡಿಸಿದೆ. ಇದನ್ನು ಹೊಸಬರು ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ರಾಮಲಿಂಗನೂ ಕುಮಾರನೂ ಒಂದೇ ಲಾರಿಯಲ್ಲಿ ಹೋದರು. ಚೌಡಮ್ಮ ಕಳಿಸಲು ಬರಲಿಲ್ಲ.

ವರ್ಷ ಕಳೆದು ರಜೆ ಸಿಕ್ಕಿ ಬಂದವನು ಮೊದಲು ನಮ್ಮ ಮನೆಯಲ್ಲಿ ಇಳಿದ. ದಪ್ಪಗಾಗಿದ್ದ, ಹಿಂದಿ ಮಾತಾಡುತ್ತಿದ್ದ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ರೊಟ್ಟಿ ಮಾಡಲಾ ಎಂದೆ, ಬೇಡ ಎಂದ. ಅಲ್ಲಿ ಹೆಂಗೆ ಎಂದು ಕೇಳಿದೆ. ಹೇಳಿದ.

"ಕಾಲುವೆ ರಸ್ತೇಲಿ ನಮ್ದೊಂದು ಚೆಕ್‌ಪೋಸ್ಟ್ ದೊಡ್ಡಮ್ಮ. ಬಸ್ ಒಂದು ಬರಲಿಲ್ಲ ಅಂತ ನಾವೇ ನೋಡಕ್ಕೋದ್ವಿ. ಎಲ್ಲಾರ್ನೂ ಇಳ್ಸಿ ಸಾಲಾಗಿ ನಿಲ್ಸಿ ಹೊಡ್ದಿದ್ರು. ಯಾರೋ ಒಂದಮ್ಮ, ಅವಳ ಊಟದ ಕ್ಯಾರಿಯರ್ ಬಿಚ್ಕಂಡು ಬಿದ್ದಿತ್ತು. ರೊಟ್ಟಿ. ಇನ್ನೂ ಮೆತ್ತಗಿತ್ತು. ನಾನು ಅದನ್ನೆಲ್ಲ ಎತ್ತಿ ಕ್ಯಾರಿಯರಿಗೆ ಆಕಿ ಮುಚ್ಚಿದೆ. ಯಾಕ್ ಮುಚ್ಚಿದೆ ಅಂತ ಗೊತ್ತಿಲ್ಲ. ಸಾಹೇಬ್ರು ಬೈದ್ರು, ಮುಟ್ಬಾರ್ದಂತೆ."

"ಅಮ್ಮಂಗೆ ಹೇಳ್ತೀಯಾ?"

"ಹೇಳ್ತೀನಾ?"

ಚೌಡಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗ ಬರುವ ಮುಂಚೆಯೇ ಅವಳು ಎಲ್ಲ ಏರ್ಪಾಟು ಮಾಡಿದ್ದಳು. ತಿರುಪ್ಪೂರಿನಲ್ಲಿ ನಮ್ಮವರದೇ ಒಂದು ಬನಿಯನ್ ಕಂಪನಿ, ಅಲ್ಲಿ ಕೆಲಸ, ಅಲ್ಲೇ ಹಿಂದೆ ಇರಲು ಕೋಣೆ. ಒಂದು ಹೆಣ್ಣನ್ನೂ ನೋಡಿಟ್ಟಿದ್ದಳು. ಹೀಗೆ ರಜೆಗೆ ಬಂದು ವಾಪಸು ಹೋಗದೆ ಉಳಿದವರು ಇದ್ದರು, ನನಗೇ ಗೊತ್ತು. ಹುಡುಕಿಕೊಂಡು ಬಂದರೂ ತಿರುಪ್ಪೂರಿನಲ್ಲಿ ಯಾರು ಯಾರನ್ನು ಗುರುತು ಹಿಡಿಯುತ್ತಾರೆ? ರಾಮಲಿಂಗ ಹೋಗಿ ಆ ಕಂಪನಿ ನೋಡಿದ. ಆ ಹುಡುಗಿಯನ್ನೂ ನೋಡಿದ, ಇಷ್ಟವಾಯಿತು ಎಂದ. ಚೌಡಮ್ಮ ಆಗ ನನ್ನ ಜೊತೆ ಮಾತಾಡಿದಳು,

"ಅಕ್ಕಾ, ಉಳಿತಾನೆ ಅನ್ನಿಸ್ತದೆ. ನೀನು ಏನೂ ಬಾಯ್ ಬಿಡ್ಬೇಡ."

ರಜೆ ಮುಗಿಯುವ ಹಿಂದಿನ ದಿನ ಅವನು ನಮ್ಮ ಮನೆಗೆ ಬಂದ, ಟ್ರಂಕು ತಗೊಂಡೇ. ಹಿಂದೆಯೇ ಚೌಡಮ್ಮ ಬಂದಳು, ಕೂದಲು ಕಟ್ಟಿರಲಿಲ್ಲ.

"ಕೇಳು ಅಕ್ಕಾ ಇವನ್ನ. ದುಡ್ಡಿಗಾ? ಇಲ್ಲೂ ಸಿಗ್ತದೆ. ಹೆದ್ರಿಕೆಗಾ? ಹಿಡ್ಕಂಡೋದ್ರೆ ಜೈಲು ತಾನೇ, ಇರ್ಲಿ, ಜೀವ ಇರ್ತದಲ್ಲ. ದೇಶಕ್ಕಾ? ಆ ಊರು ಯಾವ್ ದಿಕ್ಕಿಗೆ ಅಂತ ಇವನಿಗೆ ಗೊತ್ತಿತ್ತಾ?"

"ಕುಮಾರ ಇದ್ದಾನಮ್ಮ ಅಲ್ಲಿ," ಎಂದ ರಾಮಲಿಂಗ.

"ಇದ್ರೆ?"

"ಅವನಿಗೆ ಮಾಲೆಕಣ್ಣು. ಕತ್ಲಾದ್ರೆ ಏನೂ ಕಾಣ್ಸಲ್ಲ. ಮೆಡಿಕಲ್ಲು ಹಗಲಲ್ಲಿ ತಾನೇ ನಡೆದಿದ್ದು. ನಂಗೊಬ್ಬಂಗೇ ಗೊತ್ತು. ಅವನ ಇರುಳು ಪಾರಾ ನಾನು ನಿಲ್ತೀನಿ, ನನ್ ಹಗಲು ಪಾರಾ ಅವನು ನಿಲ್ತಾನೆ. ಬದ್ಲಾಯ್ಸ್ಕಂತೀವಿ. ನನ್ ರಜೆ ಮುಗಿಯೋ ತನಕ ಕಾಲ್ ನೋವು ಅಂತ ಹೇಳಿ ಹಗಲು ಪಾರಾನೇ ಇಸ್ಕಂಡವನೆ. ನಾನು ಓಗ್ಲಿಲ್ಲ ಅಂದ್ರೆ ಅವನು ಇರುಳಲ್ಲಿ ಬಂದೂಕು ಹಿಡ್ಕಂಡು ಕುರುಡನ ತರ ನಿಂತಿರ್ತಾನೆ. ಅವನೂ ಸಾಯ್ತಾನೆ, ಒಳಗೆ ಮಲ್ಗಿರೋರೂ ಸಾಯ್ತಾರೆ."

"ಹಂಗಾದ್ರೆ ಆಫೀಸರಿಗೆ ಹೇಳು!"

"ಹೇಳಿದ್ರೆ ಅವನ್ ಕೆಲ್ಸ ಓಗ್ತದೆ. ಅವನ್ ಮನೇಲಿ ತಂಗೀರು ಇದ್ದಾರೆ."

ಚೌಡಮ್ಮ ನೆಲದ ಮೇಲೆ ಕೂತುಬಿಟ್ಟಳು. ನನ್ನ ಕಡೆ ನೋಡಿದಳು. ಸಂಜೆಯ ಸಾಲಿನಲ್ಲಿ ಹೆಗಲ ಮೇಲಿನ ಆ ಕೈ ಯಾಕೆ ಇತ್ತು ಎಂದು ನನಗೆ ಅವತ್ತು ತಿಳಿಯಿತು. ಅವನು ಟ್ರಂಕು ಎತ್ತಿಕೊಂಡು ಬಸ್ಸಿಗೆ ನಡೆದ. ಈರುಳ್ಳಿ ಸುಲಿಯುತ್ತಾ ನನಗೆ ಎಷ್ಟೋ ಹುಡುಗರು ಯಾಕೆ ಬಂದೆವು ಎಂದು ಹೇಳಿದ್ದಾರೆ. ಯಾಕೆ ವಾಪಸು ಹೋಗುತ್ತೇನೆ ಎಂದು ಹೇಳಿದವನು ಇವನೊಬ್ಬ.

ಮಳೆಗಾಲದಲ್ಲಿ ಸುದ್ದಿ ಬಂತು. ಸಾಹೇಬರು ನನ್ನನ್ನು ಕರೆಸಿ ಹೇಳಿದರು. ನಾನೇ ಸಿರುಮುಗೈಗೆ ಹೋಗಿ ಚೌಡಮ್ಮನಿಗೆ ಹೇಳಿದೆ. ಆ ಕಾಲದಲ್ಲಿ ಹೆಣ ಊರಿಗೆ ಬರುತ್ತಿರಲಿಲ್ಲ, ಅಷ್ಟು ದೂರ. ಅಲ್ಲೇ ಸುಟ್ಟು ಬೂದಿ ಕಳಿಸುತ್ತಿದ್ದರು. ನಮ್ಮ ಮನೆತನದಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಬೂದಿಯ ಮಡಿಕೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಟ್ರಂಕಿನ ಜೊತೆ, ಕುಮಾರನೇ ಬಂದ. ಜೊತೆಗೆ ಒಬ್ಬ ಹಿರಿಯ ಜವಾನ. ಓಣಿ ಪೂರಾ ಜನ. ಮಗ್ಗಗಳು ನಿಂತಿದ್ದವು. ಚೌಡಮ್ಮ ಅಳಲಿಲ್ಲ. ಮಡಿಕೆಯನ್ನು ನೋಡಿ ಕೇಳಿದಳು,

"ಇದು ನನ್ ಮಗ ಅಂತ ಯಾರ್ ಹೇಳಿದ್ದು? ಬೂದಿ ಎಲ್ಲಾರ್ದೂ ಒಂದೇ ತರ ತಾನೇ?"

ಕುಮಾರ ಅವಳ ಮುಂದೆ ಮಂಡಿಯೂರಿದ. "ನಾನೇ ಕೊಳ್ಳಿ ಇಟ್ಟೆ ಅಮ್ಮಾ. ಮುಖ ನೋಡೇ ಇಟ್ಟೆ" ಎಂದ, ತಮಿಳಿನಲ್ಲಿ. ಅವಳು ಮಡಿಕೆ ಇಸಿದುಕೊಂಡಳು. ಅದನ್ನು ನಮ್ಮ ಹಿರಿಯರನ್ನು ಹೂಳುವ ಜಾಗದಲ್ಲಿ, ಆಳು ಮಲಗುವಷ್ಟು ಉದ್ದದ ಗುಂಡಿ ತೋಡಿಸಿ ಹೂತಳು. ಮಡಿಕೆಗೆ ಇಷ್ಟು ದೊಡ್ಡ ಗುಂಡಿ ಯಾಕೆ ಎಂದ ಗುಂಡಿ ತೋಡುವವನಿಗೆ, "ತೋಡು" ಎಂದಳು.

ಹೊರಡುವ ಮುಂಚೆ ಕುಮಾರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಕಬ್ಬಿನ ಗದ್ದೆಯಿಂದ ಗುಂಡು ಬಂತು. ಪಾರಾದಲ್ಲಿ ನಿಂತವನು ಕೂಗಿದ, ತಿರುಗಿ ಹೊಡೆದ, ಒಳಗೆ ಮಲಗಿದ್ದವರೆಲ್ಲ ಉಳಿದರು. ನಿಂತವನು ಉಳಿಯಲಿಲ್ಲ. ಅವತ್ತಿನ ಪಾರಾ ಕುಮಾರನದು. ನಾನು ಅದನ್ನು ಅವತ್ತೇ ಚೌಡಮ್ಮನಿಗೆ ಹೇಳಿದೆ. ಅವಳಿಂದ ಮುಚ್ಚಿಡುವುದು ಸರಿಯಲ್ಲ. ಅವಳು ಕೇಳಿಸಿಕೊಂಡಳು. ಹೂಂ ಎಂದಳು, ಅಷ್ಟೆ.

ಮಗ್ಗದಲ್ಲಿ ಕೂರುವವರು ಇಲ್ಲದ ಮನೆಯಲ್ಲಿ ಅವಳು ಏನು ಮಾಡುತ್ತಾಳೆ? ಸತ್ತವರ ಮನೆಯ ಒಬ್ಬರಿಗೆ ಕೆಲಸ ಕೊಡಬಹುದು ಎಂದು ಸಾಹೇಬರು ಹೇಳಿದರು. ಅವಳಿಗೆ ಬೇರೆ ಗಂಡುಮಕ್ಕಳಿಲ್ಲ. ಅಡುಗೆಮನೆಯಲ್ಲಿ ಜಾಗ ಇತ್ತು. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡೇ ಹೇಳಿದೆ. ಮಾರನೆಯ ದಿನ ಬಟ್ಟೆಯ ಗಂಟು ಹಿಡಿದು ನಮ್ಮ ಮನೆಗೆ ಬಂದಳು. "ತಿನ್ಬೇಕಲ್ಲ" ಎಂದಳು. ಮಗನನ್ನು ಕಳಿಸಿದ ಕ್ಯಾಂಪಿಗೇ ಬಂದು, ಮುಂದೆ ಹೋಗುವವರಿಗೆ ಹಿಟ್ಟು ಕಲೆಸಲು ಕೂತಳು. ಕೆಲಸದಲ್ಲಿ ಕುಂದು ಇಲ್ಲ. ಹುಡುಗರ ಹೆಸರು ಕೇಳುತ್ತಿರಲಿಲ್ಲ, ಮುಖ ನೋಡುತ್ತಿರಲಿಲ್ಲ. ತಟ್ಟೆ ನೋಡಿ ಬಡಿಸುತ್ತಿದ್ದಳು. ಹೊಸ ಹೆಂಗಸರು ಅವಳನ್ನು ಗರ್ವದವಳು ಎನ್ನುತ್ತಿದ್ದರು.

ಮುಂದಿನ ವರ್ಷ ಏನೋ ಒಂದು ಕೋರ್ಸಿಗೆ ಪಂಜಾಬಿನಿಂದ ಕೆಲವರು ಬಂದರು. ಅವರು ಹಳೆಯ ಜವಾನರು, ಅವರ ಸಾಲು ಬೇರೆ. ಅವತ್ತು ಮಧ್ಯಾಹ್ನ ಆ ಸಾಲಿಗೆ ಚೌಡಮ್ಮ ರೊಟ್ಟಿ ಹಾಕುತ್ತಿದ್ದಳು, ನಾನು ಪಕ್ಕದಲ್ಲಿ ಬೇಳೆ. ಒಂದು ತಟ್ಟೆ ಬಂದು ನಿಂತಿತು. ಸೌಟು ಎತ್ತಿ ನೋಡಿದರೆ ಕುಮಾರ. ಅವಳನ್ನು ಅಲ್ಲಿ ನೋಡುತ್ತೇನೆ ಎಂದು ಅವನು ಅಂದುಕೊಂಡಿರಲಿಲ್ಲ. ತಟ್ಟೆ ಹಿಂದಕ್ಕೆ ಎಳೆದುಕೊಂಡ. ಅದಕ್ಕೇ ಇರಬೇಕು, ಚೌಡಮ್ಮ ತಲೆ ಎತ್ತಿದಳು.

ಹಿಂದೆ ಸಾಲು ಉದ್ದವಾಗಿತ್ತು. ಯಾರೋ ಬೇಗ ಬೇಗ ಎಂದರು. ಆ ಬರ್ನರಿನ ಸದ್ದಿನಲ್ಲಿ ಅವಳು ಗಂಟಲು ಎತ್ತಿ ಮಾತಾಡಬೇಕಾಯಿತು. ತಮಿಳಿನಲ್ಲಿ ಕೇಳಿದಳು,

"ಕಣ್ಣಿನ ವಿಷ್ಯ ಹೇಳ್ದ್ಯಾ?"

ಕುಮಾರ ಇಲ್ಲ ಎಂದು ತಲೆಯಾಡಿಸಿದ.

"ಈಗ ನಿನ್ ಬದ್ಲು ಯಾರ್ ನಿಲ್ತಾರೆ?"

ಅವನು ಹಿಂದೆ ತಿರುಗಿ ಒಬ್ಬ ಹುಡುಗನನ್ನು ನೋಡಿದ. ಕಿರಿಯ ಹುಡುಗ, ಗಡ್ಡ ಇನ್ನೂ ಸರಿಯಾಗಿ ಬಂದಿರಲಿಲ್ಲ. ಚೌಡಮ್ಮನೂ ಆ ಹುಡುಗನನ್ನು ನೋಡಿದಳು. ಕ್ಯಾಂಪಿಗೆ ಬಂದ ಮೇಲೆ ಅವಳು ಮುಖ ಎತ್ತಿ ನೋಡಿದ್ದು ಅವರಿಬ್ಬರನ್ನೇ.

"ಓಗಿ ಡಾಕ್ಟರಿಗೆ ಹೇಳ್ಬಿಟ್ಟು ಬಾ," ಎಂದಳು. "ಆಮ್ಯಾಲೆ ಆಕ್ತೀನಿ."

"ಅಮ್ಮಾ, ಕೆಲ್ಸ ಓಗ್ತದೆ."

"ಓಗ್ತದೆ."

ರಾಮ್‌ಫಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕುಮಾರ ಅಲ್ಲೇ ನಿಂತಿದ್ದ, ತಟ್ಟೆ ಹಿಡಿದುಕೊಂಡು. ಆಮೇಲೆ ಅದನ್ನು ಮೇಜಿನ ಮೇಲೆ ಇಟ್ಟು, ಸಾಲಿನಿಂದ ಹೊರಗೆ ಬಂದು, ಬಿಸಿಲಲ್ಲಿ ಡಾಕ್ಟರ ಕೋಣೆಯ ಕಡೆ ನಡೆದ.

ಚೌಡಮ್ಮ ಅವನ ತಟ್ಟೆಗೆ ರೊಟ್ಟಿ ಹಾಕಿ, ಇನ್ನೊಂದು ತಟ್ಟೆ ಕವುಚಿ ಪಕ್ಕಕ್ಕಿಟ್ಟಳು. ಆಮೇಲೆ ಆ ಕಿರಿಯ ಹುಡುಗನಿಗೆ, "ನಿನ್ ತಟ್ಟೆ ಎಲ್ಲಿ?" ಎಂದಳು.